ಅಗ್ಗದ ಅಂಗಿಯ ಮಾನ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಮಾತು. ಉಣ್ಣುವುದು ನಮ್ಮ ನಾಲಗೆಗಾಗಿ. ಉಡುವುದು ಮಾತ್ರ ನೆರೆಯವರ ಕಣ್ಣಿಗಾಗಿ. ಅಗ್ಗದ ಬಟ್ಟೆ ಕೊಂಡವನು ಅದರ ಬೆಲೆಯನ್ನು ಬಚ್ಚಿಡುವುದು ಈ ಕಾರಣದಿಂದಲೇ. ಇಂತಹ ಸಂಕೋಚದೊಡನೆ ವ್ಯಾಪಾರಿಯೊಬ್ಬ ಹೇಗೆ ಹೋರಾಡಿದನೆಂಬುದನ್ನು ಅರಿಯಬೇಕಾದರೆ ಜಪಾನಿನ ಯುನಿಕ್ಲೊ ಅಂಗಡಿಗಳ ಚರಿತ್ರೆಯನ್ನು ನೋಡಬೇಕು.

ಜಪಾನಿನ ಯಾಮಾಗುಚಿ ಪ್ರಾಂತದಲ್ಲಿ ಉಬೆ ಎಂಬ ಊರುಂಟು. ಕಲ್ಲಿದ್ದಲ ಗಣಿಗಳಿಂದ ಬೆಳೆದ ಊರು. ಅಲ್ಲಿ 1949ರಲ್ಲಿ ಯಾನಾಯ್ ಹಿತೋಶಿ ಎಂಬವರು ಗಂಡಸರ ಉಡುಪಿನ ಅಂಗಡಿಯೊಂದನ್ನು ತೆರೆದರು. ಅದೇ ವರ್ಷ ಹುಟ್ಟಿದ ಅವರ ಮಗ ತಡಾಶಿ, ಟೋಕಿಯೋದ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದಿ, 1972ರಲ್ಲಿ ತಂದೆಯ ಅಂಗಡಿಗೆ ಬಂದರು. ಬಂದವರೇ ಹಳಬರ ಕೆಲಸದಲ್ಲಿ ಹುಳುಕು ಹುಡುಕತೊಡಗಿದರು. ಒಬ್ಬರ ಹೊರತು ಉಳಿದ ನೌಕರರೆಲ್ಲ ಬಿಟ್ಟುಹೋದರು. ಎಲ್ಲವನ್ನೂ ತಾವೇ ಮಾಡಬೇಕಾಗಿ ಬಂದುದೇ ತಡಾಶಿಯವರಿಗೆ ಪಾಠಶಾಲೆಯಾಯಿತು.

ಸೂಟು ಮಾರಬೇಕಾದರೆ ಅಂಗಡಿಯವನು ಗಿರಾಕಿಯ ಹಿಂದೆ ಮುಂದೆ ಸುಳಿಯಬೇಕು. ಅಳತೆ ಹಿಡಿಯಬೇಕು, ಹೊಗಳಬೇಕು. ದಿನವೂ ತೊಡುವ ಸಾದಾ ಉಡುಪಿಗೆ ಈ ಉಪಚಾರವೇಕೆ? ಅಮೆರಿಕದ ವಿದ್ಯಾರ್ಥಿ ಸಹಕಾರಿ ಅಂಗಡಿಗಳಲ್ಲಿ ಹುಡುಗರು ಬೇಕಾದುದನ್ನು ತಾವೇ ಆರಿಸಿಕೊಳ್ಳುವುದನ್ನು ತಡಾಶಿ ಕಂಡಿದ್ದರು. ಆ ಮಾದರಿಯಲ್ಲಿ 1984ರ ಜೂನ್ 2ರಂದು ಹಿರೋಶಿಮಾದಲ್ಲಿ ‘ಯುನೀಕ್ ಕ್ಲೋದಿಂಗ್ ವೇರ್‌ಹೌಸ್’ ಆರಂಭವಾಯಿತು. ಬಾಗಿಲು ತೆರೆದದ್ದು ಬೆಳಗಿನ 6 ಗಂಟೆಗೆ, ವಿದ್ಯಾರ್ಥಿಗಳು ಶಾಲೆಗೆ ಹೋಗುವ ಮುನ್ನ ಬರಲೆಂದು! ಉದ್ದದ ಹೆಸರು ಜನರ ಬಾಯಲ್ಲಿ ಮೊಟಕಾಯಿತು. 1988ರಲ್ಲಿ ಹಾಂಗ್‌ಕಾಂಗಿನಲ್ಲಿ ನೋಂದಣಿಯಾಗುವಾಗ ‘ಸಿ’ ಅಕ್ಷರದ ಜಾಗಕ್ಕೆ ‘ಕ್ಯೂ’ ಬಂದು ಕುಳಿತಿತು. ಆ ತಪ್ಪೇ ಹೆಸರಾಗಿ ನಿಂತಿತು.

ಅಂಗಡಿಗಳು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. 1995ರಲ್ಲಿ ಕಂಪನಿ ಒಂದು ವಿಚಿತ್ರ ಜಾಹೀರಾತನ್ನು ಪ್ರಕಟಿಸಿತು: ನಮ್ಮನ್ನು ಬೈದು ಬರೆಯಿರಿ, 10 ಲಕ್ಷ ಯೆನ್ ಬಹುಮಾನ! ಸುಮಾರು 10,000 ಪತ್ರಗಳು ಬಂದವು. ಬಹುಮಟ್ಟಿಗೆ ಬಟ್ಟೆಯ ಗುಣದ ಮೇಲಿನ ದೂರುಗಳೇ. ಬೈಗುಳಕ್ಕೆ ಹಣ ತೆತ್ತ ವ್ಯಾಪಾರಿ ಅದರಿಂದ ಕಲಿತದ್ದೂ ಉಂಟು. 2000ದಲ್ಲಿ ಜಪಾನಿನ ನುರಿತ ಜವಳಿ ಕುಶಲಿಗಳನ್ನು ಚೀನದ ಕಾರ್ಖಾನೆಗಳಿಗೆ ಕಳುಹಿಸುವ ಏರ್ಪಾಡಾಯಿತು.

ಇಷ್ಟರಲ್ಲಿ ಕಾಲವೂ ನೆರವಾಯಿತು. 1990ರ ದಶಕದ ಮೊದಲಲ್ಲಿ ಜಪಾನಿನ ಸಿರಿಯ ಗುಳ್ಳೆ ಒಡೆದು, ಮಧ್ಯಮ ವರ್ಗದವರು ಕೈ ಬಿಗಿಹಿಡಿದಿದ್ದರು. 1998ರಲ್ಲಿ ಟೋಕಿಯೋದ ಹರಾಜುಕುವಿನಲ್ಲಿ ಅಂಗಡಿ ತೆರೆದಾಗ 1,900 ಯೆನ್ನಿನ ಬೆಚ್ಚನೆಯ ಫ್ಲೀಸ್ ಅಂಗಿಗೆ ಜನ ಮುಗಿಬಿದ್ದರು. ಆ ವರ್ಷ 20 ಲಕ್ಷ ಮಾರಾಟವಾದದ್ದು 2000ದಲ್ಲಿ 2 ಕೋಟಿ 60 ಲಕ್ಷಕ್ಕೆ ಏರಿತು. ಐವರು ಜಪಾನಿಯರಿಗೆ ಒಂದರಂತೆ! ಆದರೂ ಸಂಕೋಚ ಒಮ್ಮೆಲೇ ಅಳಿಯಲಿಲ್ಲ. ತೊಟ್ಟದ್ದು ಯುನಿಕ್ಲೊ ಎಂದು ಬಯಲಾಗುವ ಪೇಚಿಗೆ ‘ಯುನಿಬಾರೆ’ ಎಂಬ ಹೊಸ ಮಾತೇ ಹುಟ್ಟಿತು. 2003ರಲ್ಲಿ ತೋರೆ ಕಂಪನಿಯೊಡನೆ ರೂಪಿಸಿದ, ಮೈ ಬೆಚ್ಚಗಿಡುವ ತೆಳು ಒಳಉಡುಪು ಬಂದ ಮೇಲೆ, ಅಗ್ಗದಲ್ಲಿಯೂ ಗುಣವುಂಟೆಂಬ ನಂಬಿಕೆ ಬಲಿಯಿತು. 2019ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿಯೂ ಅಂಗಡಿ ತೆರೆಯಿತು.

ಬೆಲೆಯ ಚೀಟಿಯಲ್ಲಿ ಕಾಣದ ಲೆಕ್ಕವೊಂದುಂಟು. ಚೀನದಲ್ಲಿ ಈ ಉಡುಪುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳಲ್ಲಿನ ಮಿತಿಮೀರಿದ ದುಡಿಮೆಯನ್ನು 2015ರಲ್ಲಿ ಹಾಂಗ್‌ಕಾಂಗಿನ ಕಾರ್ಮಿಕಪರ ಸಂಘಟನೆಯೊಂದು ಬಯಲಿಗೆಳೆಯಿತು. ಕೆಲವು ದೋಷಗಳನ್ನು ಕಂಪನಿಯೂ ಒಪ್ಪಿಕೊಳ್ಳಬೇಕಾಯಿತು. ಅಗ್ಗದ ಅಂಗಿ ತೊಟ್ಟವನು ಇಂದು ತಲೆಯೆತ್ತಿ ನಡೆಯಬಲ್ಲ, ಸಂತೋಷವೇ. ಅದನ್ನು ಹೊಲಿದವಳೂ ಹಾಗೆಯೇ ತಲೆಯೆತ್ತಿ ನಡೆಯುವಂತಾದರೆ ಆ ಅಂಗಿಯ ಮಾನ ಪೂರ್ಣವಾದೀತು.