ಸುಗಮ್ಯತೆ: ಭಾರತದ ಸಾರ್ವಜನಿಕ ಸೌಲಭ್ಯಗಳಲ್ಲಿ ಅದರ ಇತಿಹಾಸ

ಸುಗಮ್ಯತೆ ಎಂದರೆ ಅಂಗವಿಕಲರು ಕಟ್ಟಡ, ರಸ್ತೆ, ವಾಹನ, ಮಾಹಿತಿ ಮತ್ತು ಸೇವೆಗಳನ್ನು ಇತರರ ಹಂಗಿಲ್ಲದೆ, ಘನತೆಯಿಂದ ಬಳಸಲು ಸಾಧ್ಯವಾಗುವಂತಹ ವ್ಯವಸ್ಥೆ. ಇಳಿಜಾರು ದಾರಿ, ಅಗಲವಾದ ಬಾಗಿಲು, ಬ್ರೈಲ್ ಫಲಕ, ಧ್ವನಿ ಸೂಚನೆ, ಸನ್ನೆ ಭಾಷೆ, ಸ್ಕ್ರೀನ್ ರೀಡರ್ ಓದಬಲ್ಲ ಜಾಲತಾಣ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಸರ್ಕಾರದ ಕೃಪೆಯಾಗಿದ್ದ ಈ ಸೌಲಭ್ಯ ಕಾನೂನುಬದ್ಧ ಹಕ್ಕಾಗಲು ಮೂರು ದಶಕ ಹಿಡಿಯಿತು. ಆ ದಾರಿಯ ಬಹುಪಾಲು ಹೆಜ್ಜೆಗಳನ್ನು ಇಡಿಸಿದವರು ಸ್ವತಃ ಅಂಗವಿಕಲರು.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಅಂಗವೈಕಲ್ಯವನ್ನು ವೈದ್ಯಕೀಯ ಸಮಸ್ಯೆಯಾಗಿ, ದಾನಧರ್ಮದ ವಿಷಯವಾಗಿ ನೋಡುವುದೇ ರೂಢಿಯಾಗಿತ್ತು. ಶಿಕ್ಷಣ ಮತ್ತು ಪುನರ್ವಸತಿಯ ಹೊಣೆ ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳ ಮೇಲಿತ್ತು. 1959ರಲ್ಲಿ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಆರಂಭಿಸಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಅಂತಹ ಸಂಸ್ಥೆಗಳಲ್ಲೊಂದು. ಇದೇ ಹೊತ್ತಿಗೆ ಹೊರದೇಶಗಳಲ್ಲಿ ಮಾನದಂಡಗಳು ರೂಪುಗೊಳ್ಳುತ್ತಿದ್ದವು. ಅಮೆರಿಕವು 1961ರಲ್ಲಿ ಕಟ್ಟಡಗಳಿಗೆ ಮೊದಲ ಸುಗಮ್ಯತಾ ಮಾನದಂಡ ಪ್ರಕಟಿಸಿತು. ಜಪಾನಿನ ಸೀಚಿ ಮಿಯಾಕೆ ರೂಪಿಸಿದ ಸ್ಪರ್ಶ ಹಾಸುಗಲ್ಲುಗಳನ್ನು 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲ ಬಾರಿಗೆ ಅಳವಡಿಸಲಾಯಿತು. ಉದ್ದ ಗೆರೆಯ ಕಲ್ಲು ಸಾಗುವ ದಾರಿ ತೋರಿದರೆ, ಚುಕ್ಕಿಯ ಕಲ್ಲು ನಿಲ್ಲಬೇಕಾದ ಅಂಚನ್ನು ಅಂಧರಿಗೆ ತಿಳಿಸುತ್ತದೆ. ಇಂದು ನಮ್ಮ ಮೆಟ್ರೊ ನಿಲ್ದಾಣಗಳಲ್ಲೂ ಇವನ್ನು ಕಾಣಬಹುದು.

1995ರ ಕಾಯ್ದೆ

1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾಗಿತ್ತು. 1993ರಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಅಂಗವಿಕಲರ ದಶಕ ಆರಂಭವಾಯಿತು. ಇದರ ಬೆನ್ನಲ್ಲೇ ಸಂಸತ್ತು 1995ರ ಅಂಗವಿಕಲರ ಕಾಯ್ದೆಯನ್ನು ಅಂಗೀಕರಿಸಿತು. ಅದು 1996ರ ಫೆಬ್ರುವರಿ 7ರಂದು ಜಾರಿಗೆ ಬಂತು. ಸಾರ್ವಜನಿಕ ಕಟ್ಟಡ ಮತ್ತು ಆಸ್ಪತ್ರೆಗಳಿಗೆ ರ‍್ಯಾಂಪ್, ಗಾಲಿಕುರ್ಚಿ ಒಳಹೋಗುವ ಶೌಚಾಲಯ, ಲಿಫ್ಟ್‌ಗಳಲ್ಲಿ ಬ್ರೈಲ್ ಚಿಹ್ನೆ, ಸಿಗ್ನಲ್‌ಗಳಲ್ಲಿ ಧ್ವನಿ ಸೂಚನೆ ಇತ್ಯಾದಿಗಳನ್ನು 44ರಿಂದ 46ನೇ ಸೆಕ್ಷನ್‌ಗಳು ಪಟ್ಟಿ ಮಾಡಿದವು. ಆದರೆ ಇವೆಲ್ಲಕ್ಕೂ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ ಎಂಬ ಷರತ್ತಿತ್ತು. ಹಣವಿಲ್ಲ ಎಂದು ಕೈಚೆಲ್ಲಲು ಆಡಳಿತಕ್ಕೆ ಇಷ್ಟೇ ಸಾಕಾಯಿತು.

ನ್ಯಾಯಾಲಯದ ಮೆಟ್ಟಿಲಲ್ಲಿ

ಗಾಲಿಕುರ್ಚಿ ಬಳಸುತ್ತಿದ್ದ ಹೋರಾಟಗಾರ ಜಾವೇದ್ ಅಬಿದಿ ವಿಮಾನಯಾನದ ತೊಡಕುಗಳ ವಿರುದ್ಧ ಸುಪ್ರೀಂ ಕೋರ್ಟ್ ಮೊರೆಹೋದರು. ಗಾಲಿಕುರ್ಚಿ ಬಳಸುವ ಪ್ರಯಾಣಿಕರನ್ನು ವಿಮಾನಕ್ಕೆ ಹತ್ತಿಸುವ ಯಂತ್ರ, ಆಸನಗಳ ನಡುವಿನ ಕಿರಿದಾದ ದಾರಿಯಲ್ಲಿ ಸಾಗುವ ಕುರ್ಚಿ ಇವು 1998ರ ತೀರ್ಪಿನಲ್ಲಿ ಪ್ರಸ್ತಾಪವಾದವು. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದಾಗ ದೆಹಲಿಯ ಸ್ಮಾರಕಗಳಿಗೆ ತಾತ್ಕಾಲಿಕ ರ‍್ಯಾಂಪ್‌ಗಳನ್ನು ಹಾಕಲಾಯಿತು. ಗಣ್ಯ ಅತಿಥಿಗೆ ಸಾಧ್ಯವಾದದ್ದು ದೇಶದ ನಾಗರಿಕರಿಗೆ ಏಕಿಲ್ಲ ಎಂಬ ಪ್ರಶ್ನೆ ಆಗ ಗಟ್ಟಿಯಾಗಿ ಕೇಳಿಬಂತು. 2004ರಲ್ಲಿ ಮತಗಟ್ಟೆಗಳಿಗೆ ರ‍್ಯಾಂಪ್ ಒದಗಿಸುವಂತೆ ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿತು. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಕೆಳಗಿಳಿಸಿದ ಪ್ರಕರಣದಲ್ಲಿ 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು.

2016ರ ಕಾಯ್ದೆ

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದರ 9ನೇ ವಿಧಿ ಪೂರ್ತಿಯಾಗಿ ಸುಗಮ್ಯತೆಗೆ ಮೀಸಲು. ಹೀಗಾಗಿ ಹಳೆಯ ಕಾಯ್ದೆಯನ್ನು ಬದಲಿಸಲೇಬೇಕಾಯಿತು. 2015ರ ಡಿಸೆಂಬರ್ 3ರಂದು ಕಟ್ಟಡ, ಸಾರಿಗೆ, ಮಾಹಿತಿ ತಂತ್ರಜ್ಞಾನ ಎಂಬ ಮೂರು ಗುರಿಗಳ ‘ಸುಗಮ್ಯ ಭಾರತ ಅಭಿಯಾನ’ ಶುರುವಾಯಿತು. ಮರುವರ್ಷ ಅಂಗೀಕಾರವಾದ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳನ್ನೂ ಖಾಸಗಿ ಸೇವೆಗಳನ್ನೂ ಒಳಗೊಂಡಿತು. ಹಳೆಯ ಕಟ್ಟಡಗಳ ಮಾರ್ಪಾಡಿಗೆ ನಿಯಮಗಳ ಅಧಿಸೂಚನೆಯಿಂದ 5 ವರ್ಷ, ಸೇವೆಗಳಿಗೆ 2 ವರ್ಷ ಗಡುವು ನೀಡಿತು. ನಿಯಮಗಳು 2017ರ ಜೂನ್‌ನಲ್ಲಿ ಹೊರಬಂದವು, ಎರಡೂ ಗಡುವುಗಳು ಮುಗಿದು ಹೋಗಿವೆ.

ಮಾನದಂಡ ಮತ್ತು ವಾಸ್ತವ

ರ‍್ಯಾಂಪ್ ಇದ್ದ ಮಾತ್ರಕ್ಕೆ ದಾರಿ ಸುಗಮವಾಗುವುದಿಲ್ಲ. ಮಾನದಂಡದ ಪ್ರಕಾರ ಅದರ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳ ಜಾಗದಲ್ಲಿ ಕನಿಷ್ಠ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡೇ ಮೀಟರ್‌ನಲ್ಲಿ ಅದನ್ನು ಮುಗಿಸಿದರೆ ಗಾಲಿಕುರ್ಚಿಯಲ್ಲಿ ಕುಳಿತವರು ಹತ್ತುವಾಗ ಹಿಂದಕ್ಕೆ ವಾಲುತ್ತಾರೆ, ಇಳಿಯುವಾಗ ಕುರ್ಚಿ ಹಿಡಿತ ತಪ್ಪುತ್ತದೆ. ಸ್ಪರ್ಶ ಹಾಸುಗಲ್ಲಿನ ದಾರಿ ವಿದ್ಯುತ್ ಕಂಬಕ್ಕೆ ಎದುರಾಗಿ ನಿಂತರೆ ಅದು ಅಪಾಯದ ದಾರಿ.

ದೃಷ್ಟಿದೋಷವುಳ್ಳ ರಾಜೀವ್ ರತೂರಿ 2005ರಲ್ಲಿ ಸಲ್ಲಿಸಿದ ಅರ್ಜಿ ಈ ಕೊರತೆಯ ಮೂಲವನ್ನೇ ಕೆದಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿಯ ನಿರ್ದೇಶನಗಳನ್ನು ಕೊಟ್ಟಿತು. 2024ರ ನವೆಂಬರ್ 8ರಂದು ಇದೇ ಪ್ರಕರಣದಲ್ಲಿ, 2017ರ ನಿಯಮಾವಳಿಯ 15(1)ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧ ಎಂದು ಸಾರಿತು. ಕಾಯ್ದೆ ಕಡ್ಡಾಯ ಮಾನದಂಡ ಕೇಳಿದ್ದರೆ, ಆ ನಿಯಮ ಪಾಲಿಸಿದರೂ ಬಿಟ್ಟರೂ ನಡೆಯುವ ಮಾರ್ಗಸೂಚಿಗಳನ್ನಷ್ಟೇ ಕೊಟ್ಟಿತ್ತು. 1995ರ ಷರತ್ತು ಬೇರೆ ವೇಷದಲ್ಲಿ ಉಳಿದುಕೊಂಡಿದ್ದುದು ಇಲ್ಲಿಯೇ. ಮೂರು ತಿಂಗಳೊಳಗೆ ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಆದೇಶವಾಯಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ಡಿಜಿಟಲ್ ಸೇವೆಗಳ ಬಳಕೆಯನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಗುರುತಿಸಿ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದವರಿಗೂ ಕೆವೈಸಿ ಎಂಬ ಗುರುತಿನ ಪರಿಶೀಲನೆ ಸಾಧ್ಯವಾಗಬೇಕೆಂದಿತು.

ಮಾನದಂಡ ಪಾಲಿಸದ ಕಟ್ಟಡಕ್ಕೆ ಕಾಮಗಾರಿ ಪೂರ್ಣಗೊಂಡ ಬಗ್ಗೆ ಪ್ರಮಾಣಪತ್ರ ಕೊಡಬಾರದು ಎಂದು 2016ರ ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತದೆ. ಹಕ್ಕು ಕಸಿದುಕೊಂಡ ಕುರಿತು ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ನೀಡಬಹುದು. ಕಾನೂನಿನ ಕೊರತೆ ಈಗಿಲ್ಲ. ಪಾಲಿಕೆ, ಪಂಚಾಯಿತಿ, ಎಂಜಿನಿಯರ್‌ಗಳು ಅದನ್ನು ನಕ್ಷೆಗೆ ಒಪ್ಪಿಗೆ ಕೊಡುವ ಹಂತದಲ್ಲೇ ಜಾರಿಗೊಳಿಸಬೇಕು, ನಾಗರಿಕರು ಹಾಗೆ ಮಾಡುವಂತೆ ಪಟ್ಟು ಹಿಡಿಯಬೇಕು.