ಸೂಪರ್‌ಕಂಪ್ಯೂಟರ್‌ನಲ್ಲಿ ಒಂದು ಸಾಲು ಬದಲಾದರೆ ನಮಗೇನು?

2021ರ ಡಿಸೆಂಬರ್ 14ರಿಂದ 16ರ ನಡುವೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಿಂದ ಸುಮಾರು 77 ಟೆರಾಬೈಟ್ ಮಾಹಿತಿ ಅಳಿಸಿಹೋಯಿತು. 3.4 ಕೋಟಿ ಫೈಲ್‌ಗಳು, 14 ಸಂಶೋಧನಾ ತಂಡಗಳು. ಯಾರೂ ಹ್ಯಾಕ್ ಮಾಡಿರಲಿಲ್ಲ, ಡಿಸ್ಕೂ ಕೆಟ್ಟಿರಲಿಲ್ಲ. ಹಳೇ ಲಾಗ್ ಫೈಲ್‌ಗಳನ್ನು ಅಳಿಸುವ ಬ್ಯಾಕಪ್ ಸ್ಕ್ರಿಪ್ಟೊಂದನ್ನು ಸುಧಾರಿಸಿ, ಓದೋಕೆ ಸುಲಭವಾಗಲಿ ಅಂತ ಅದರ ವೇರಿಯಬಲ್‌ಗಳ ಹೆಸರನ್ನೂ ಬದಲಿಸಿದ್ದರು. ಹಳೇ ಸ್ಕ್ರಿಪ್ಟ್ ಇನ್ನೂ ಓಡುತ್ತಿದ್ದಾಗಲೇ ಅದರ ಮೇಲೆ ಹೊಸದನ್ನು ಹಾಕಿದರು. ಬ್ಯಾಷ್ ಸ್ಕ್ರಿಪ್ಟನ್ನು ಒಂದೇ ಸಲಕ್ಕೆ ಓದಿ ಮುಗಿಸುವುದಿಲ್ಲ, ಓಡುತ್ತಾ ಓದುತ್ತದೆ. ಅರ್ಧ ದಾರಿಯಲ್ಲಿ ಎದುರಾದ ಹೊಸ ಹೆಸರುಗಳಿಗೆ ಬೆಲೆಯೇ ಇರಲಿಲ್ಲ. ಲಾಗ್ ಬದಲು ಸಂಶೋಧಕರ ಫೈಲ್‌ಗಳೇ ಹೋದವು. ಯಂತ್ರ ಪೂರೈಸಿದ್ದ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಪೂರ್ತಿ ಹೊಣೆ ಹೊತ್ತಿತು. ಆದರೂ ನಾಲ್ಕು ತಂಡಗಳ ಮಾಹಿತಿ ಬ್ಯಾಕಪ್‌ನಿಂದಲೂ ಸಿಗಲಿಲ್ಲ.

ಇಲ್ಲಿ ಎಡವಿದ್ದು ಯಂತ್ರವಲ್ಲ, ಬದಲಾವಣೆ ಮಾಡುವ ಕ್ರಮ. ಆ ಕ್ರಮ ಹೇಗಿರಬೇಕು, ಅದು ಯಾಕೆ ಬರೀ ಎಂಜಿನಿಯರುಗಳ ತಲೆನೋವಲ್ಲ ಅನ್ನೋದೇ ಈ ಬರಹ.

ನಮ್ಮೂರಿನ ಯಂತ್ರ

ನಾನಿರುವ ವಿಲ್ಸನ್ ಗಾರ್ಡನ್‌ನಿಂದ ಊರು ದಾಟಿ ಯಶವಂತಪುರದ ಕಡೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಅಲ್ಲಿ 2015ರಲ್ಲಿ ‘ಸಹಸ್ರಟಿ’ ಎಂಬ ಕ್ರೇ ಯಂತ್ರ ಬಂತು. 2022ರ ಜನವರಿಯಲ್ಲಿ ‘ಪರಮ್ ಪ್ರವೇಗ’ ಶುರುವಾಯಿತು: 3.3 ಪೆಟಾಫ್ಲಾಪ್ ಸಾಮರ್ಥ್ಯ, 4 ಪೆಟಾಬೈಟ್ ಸ್ಟೋರೇಜ್. ಅಂದಿಗೆ ದೇಶದ ಶೈಕ್ಷಣಿಕ ಸಂಸ್ಥೆಗಳಲ್ಲೇ ದೊಡ್ಡದು. ಇದು 2015ರಲ್ಲಿ 4,500 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನ ಯಂತ್ರ. ಅಂದರೆ ನಮ್ಮ ತೆರಿಗೆಯ ದುಡ್ಡು.

ಸೂಪರ್‌ಕಂಪ್ಯೂಟರ್ ಅಂದರೆ ಒಂದೇ ದೊಡ್ಡ ಪೆಟ್ಟಿಗೆ ಅಲ್ಲ. ನೂರಾರು ಕಂಪ್ಯೂಟರ್‌ಗಳು, ಅಂದರೆ ನೋಡ್‌ಗಳು, ವೇಗದ ನೆಟ್‌ವರ್ಕ್‌ನಲ್ಲಿ ಸೇರಿದ ಕ್ಲಸ್ಟರ್. ಬಳಕೆದಾರರು ತಮ್ಮ ಕೆಲಸವನ್ನು ಸರತಿಗೆ ಹಾಕುತ್ತಾರೆ. ಯಾರ ಕೆಲಸ, ಯಾವ ನೋಡ್‌ನಲ್ಲಿ, ಯಾವಾಗ ಓಡಬೇಕು ಅಂತ ಶೆಡ್ಯೂಲರ್ ನಿರ್ಧರಿಸುತ್ತದೆ. ಜಗತ್ತಿನ ಬಹುಪಾಲು ದೊಡ್ಡ ಕ್ಲಸ್ಟರ್‌ಗಳಲ್ಲಿ ಇರುವ ಶೆಡ್ಯೂಲರ್ ‘ಸ್ಲರ್ಮ್’. ಅದರ ಮುಖ್ಯ ನಿಯಮಗಳಲ್ಲಿ ಹಲವು ಇರುವುದು ಒಂದು ಟೆಕ್ಸ್ಟ್ ಫೈಲಿನಲ್ಲಿ.

ಸೆಟ್ಟಿಂಗ್ ಅಲ್ಲ, ನೀತಿ

ಆ ಫೈಲಿನಲ್ಲಿ ‘ಫೇರ್‌ಶೇರ್’ ಅಂತ ಒಂದು ಲೆಕ್ಕ ಇದೆ. ಇತ್ತೀಚೆಗೆ ಹೆಚ್ಚು ಬಳಸಿದವರು ಸರತಿಯಲ್ಲಿ ಹಿಂದೆ, ಕಮ್ಮಿ ಬಳಸಿದವರು ಮುಂದೆ. ಹಳೇ ಬಳಕೆ ಎಷ್ಟು ಬೇಗ ಮರೆತುಹೋಗಬೇಕು ಅನ್ನೋದಕ್ಕೂ ಒಂದು ಸಂಖ್ಯೆ ಇದೆ: ಅರ್ಧಾಯುಷ್ಯ, ಡಿಫಾಲ್ಟ್ ಆಗಿ 7 ದಿನ. ಅದನ್ನು 1 ದಿನಕ್ಕೆ ಇಳಿಸಿ ನೋಡಿ. ಕಳೆದ ವಾರ ಯಂತ್ರದ ಅರ್ಧ ಭಾಗ ನುಂಗಿದ ದೊಡ್ಡ ಲ್ಯಾಬ್ ಈ ವಾರ ಹೆಚ್ಚುಕಮ್ಮಿ ಹೊಸಬರಂತೆ ಸರತಿಗೆ ಬರುತ್ತದೆ. ಸಣ್ಣ ವಿಭಾಗದ ಪಿಎಚ್‌ಡಿ ವಿದ್ಯಾರ್ಥಿನಿಗೆ ಅದರ ಬಿಸಿ ತಟ್ಟುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಹಾಗೇ ಒಂದು ಕೆಲಸ ಗರಿಷ್ಠ ಎಷ್ಟು ಹೊತ್ತು ಓಡಬಹುದು ಎಂಬ ಮಿತಿ. ಅದನ್ನು ಮೂರು ದಿನದಿಂದ ಒಂದು ದಿನಕ್ಕೆ ತಂದರೆ ಸರತಿ ಬೇಗ ಸಾಗುತ್ತದೆ, ಆದರೆ ದೀರ್ಘ ಹವಾಮಾನ ಲೆಕ್ಕ ಮಾಡುವವರು ಕೆಲಸವನ್ನು ತುಂಡು ಮಾಡಬೇಕಾಗುತ್ತದೆ. ಇವೆಲ್ಲ ಹಂಚಿಕೆಯ ಪ್ರಶ್ನೆಗಳು. ರೇಷನ್ ಅಂಗಡಿಯ ಸರತಿಗೆ ನಿಯಮ ಕೇಳುವ ನಾವು ಈ ಸರತಿಗೂ ಕೇಳಬೇಕು.

ಒಳ್ಳೆಯ ಕ್ರಮ ಹೇಗಿರುತ್ತದೆ?

*ದಾಖಲೆ.* ಕಾನ್ಫಿಗರೇಷನ್ ಫೈಲ್‌ಗಳೆಲ್ಲ ಗಿಟ್‌ನಲ್ಲಿರಬೇಕು. ಯಾರು, ಯಾವಾಗ, ಯಾವ ಸಾಲು, ಯಾಕೆ ಬದಲಿಸಿದರು ಅನ್ನೋದು ಉಳಿಯಬೇಕು. ಇನ್ನೊಬ್ಬರು ಓದಿ ಒಪ್ಪದೆ ಯಾವುದೂ ಯಂತ್ರಕ್ಕೆ ಹೋಗಬಾರದು.

*ಏಕರೂಪತೆ.* ರಾತ್ರಿ ಯಾರೋ ಒಂದು ನೋಡ್‌ಗೆ ಲಾಗಿನ್ ಆಗಿ ಕೈಯಾರೆ ಏನೋ ಸರಿಪಡಿಸಿದರೆ ಆ ನೋಡ್ ಉಳಿದವಕ್ಕಿಂತ ಬೇರೆಯಾಗುತ್ತದೆ. ವಿಲ್ಸನ್ ಗಾರ್ಡನ್‌ನ ಕ್ರಾಸ್‌ಗಳಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಬ್ಬರು ಟಾರು ಹಾಕುತ್ತಾರೆ, ಇನ್ನೊಬ್ಬರು ಅಗೆಯುತ್ತಾರೆ, ಪೈಪ್ ಎಲ್ಲಿದೆ ಅಂತ ಮೂರನೆಯವರಿಗೆ ಗೊತ್ತಿರಲ್ಲ. ಅದಕ್ಕೇ ಆನ್ಸಿಬಲ್, ಪಪೆಟ್‌ನಂಥ ಉಪಕರಣಗಳು ಒಂದೇ ಮೂಲದಿಂದ ಎಲ್ಲ ನೋಡ್‌ಗಳನ್ನೂ ಹೊಂದಿಸುತ್ತವೆ. ನೋಡ್‌ನಲ್ಲಿರುವ ಫೈಲ್ ನಿಯಂತ್ರಕದ ಫೈಲಿಗೆ ಹೊಂದದಿದ್ದರೆ ಸ್ಲರ್ಮ್ ತಾನೇ ಲಾಗ್‌ನಲ್ಲಿ ಎಚ್ಚರಿಸುತ್ತದೆ.

*ಸ್ವಲ್ಪ ಸ್ವಲ್ಪವಾಗಿ.* ಮೊದಲು ಕೆಲವೇ ನೋಡ್‌ಗಳನ್ನು ‘ಡ್ರೇನ್’ ಮಾಡಬೇಕು. ಅಂದರೆ ಓಡುತ್ತಿರುವ ಕೆಲಸ ಮುಗಿಯಲು ಬಿಟ್ಟು, ಹೊಸದನ್ನು ಕೊಡದಿರುವುದು. ಅಲ್ಲಿ ಬದಲಾವಣೆ ಮಾಡಿ, ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಓಡಿಸಿ ನೋಡಿ, ಆಮೇಲೆ ಉಳಿದವಕ್ಕೆ ಹೋಗಬೇಕು. ಒಂದೇ ಏಟಿಗೆ ಎಲ್ಲೆಡೆ ಕಳಿಸಿದರೆ ಏನಾಗುತ್ತದೆ ಅಂತ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ತೋರಿಸಿತು. ಒಂದು ದೋಷಪೂರಿತ ಫೈಲಿಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು.

*ಹಿಂದಕ್ಕೆ ದಾರಿ.* ಪ್ರತಿ ಬದಲಾವಣೆಗೂ ಅದನ್ನು ರದ್ದು ಮಾಡುವ ವಿಧಾನ ಮೊದಲೇ ಬರೆದಿರಬೇಕು. ಅಳಿಸಿದ ಫೈಲಿನಂತೆ ಕೆಲವಕ್ಕೆ ಹಿಂದಿನ ದಾರಿಯೇ ಇಲ್ಲ, ಅಂಥ ಕಡೆ ಎರಡು ಪಟ್ಟು ಎಚ್ಚರ. ಕಂಪೈಲರ್, ಲೈಬ್ರರಿ ಬದಲಿಸಿದಾಗ ಹಳೇ ಆವೃತ್ತಿಯನ್ನೂ ಉಳಿಸಬೇಕು. ಯಾಕಂದ್ರೆ ದಶಮಾಂಶದ ಕೊನೆಯ ಅಂಕಿಗಳು ಬದಲಾಗಬಹುದು, ಅರ್ಧ ಬರೆದ ಪ್ರಬಂಧದ ಲೆಕ್ಕ ಹೊಂದದೇ ಹೋಗಬಹುದು.

ಭದ್ರತೆಯ ನೆಪ

ಇದನ್ನೆಲ್ಲ ಬಹಿರಂಗ ಮಾಡಿದರೆ ಹ್ಯಾಕರ್‌ಗಳಿಗೆ ಅನುಕೂಲ ಅಲ್ವಾ ಅಂತ ಕೇಳಬಹುದು. ಪ್ರಶ್ನೆ ನ್ಯಾಯವೇ. 2020ರ ಮೇನಲ್ಲಿ ಎಡಿನ್‌ಬರೊದ ‘ಆರ್ಚರ್’ ಸೇರಿ ಯುರೋಪಿನ ಹಲವು ಸೂಪರ್‌ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದು, ಅವನ್ನು ಬಳಕೆದಾರರಿಗೆ ಮುಚ್ಚಬೇಕಾಯಿತು. ಅಂಥ ತುರ್ತಿನಲ್ಲಿ ಮೊದಲು ಬಾಗಿಲು ಹಾಕಿ, ದಾಖಲೆ ಆಮೇಲೆ ಬರೆಯುವುದು ಸರಿ. ಫೈರ್‌ವಾಲ್ ನಿಯಮ, ಪಾಸ್‌ವರ್ಡ್‌ಗಳನ್ನು ಯಾರೂ ಕೇಳುತ್ತಿಲ್ಲ. ಆದರೆ ಸರತಿಯ ಆದ್ಯತೆ, ಸಮಯದ ಮಿತಿ, ಯಾವ ವಿಭಾಗಕ್ಕೆ ಎಷ್ಟು ಪಾಲು ಅನ್ನೋದರಲ್ಲಿ ಗುಟ್ಟೇನಿದೆ?

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. ಆದ್ಯತೆಯ ಸಂಖ್ಯೆ ಬದಲಿಸುವುದೂ ಅಂಥದೊಂದು ನಿರ್ಧಾರ ಅನ್ನೋದು ನನ್ನ ವಾದ.

ಇದು ಯಾವುದೋ ಒಂದು ಯಂತ್ರದ ಮೇಲಿನ ಆರೋಪ ಅಲ್ಲ. ಮುಂದೆ ಬರುವುದರ ಬಗ್ಗೆ ಎಚ್ಚರ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಒಪ್ಪಿತು. ಅದರಲ್ಲಿ ಸ್ಟಾರ್ಟಪ್‌ಗಳು, ಸಂಶೋಧಕರು ಹಂಚಿಕೊಂಡು ಬಳಸುವ ಸಾವಿರಾರು ಜಿಪಿಯುಗಳೂ ಸೇರಿವೆ. ದೊಡ್ಡ ಕಂಪನಿಗೆ ಮೊದಲೋ, ರಾಯಚೂರಿನ ಕಾಲೇಜಿಗೆ ಮೊದಲೋ ಅನ್ನೋದನ್ನು ಕೊನೆಗೆ ಒಂದು ಕಾನ್ಫಿಗರೇಷನ್ ಸಾಲು ತೀರ್ಮಾನಿಸುತ್ತದೆ. ಎಷ್ಟು ಪೆಟಾಫ್ಲಾಪ್ ಬಂತು ಅಂತ ಸಚಿವರು ಹೇಳುತ್ತಾರೆ. ಆ ಸಾಲನ್ನು ಯಾರು ಬರೆದರು, ಯಾರು ಒಪ್ಪಿದರು, ಅದರ ದಾಖಲೆ ಎಲ್ಲಿದೆ ಅಂತ ನಾವು ಕೇಳೋಣ.