ಆತತಾಯಿಯೂ ಕ್ಷಮೆಯೂ

ರಾಜ್ಯವನ್ನು ಕಳೆದುಕೊಂಡು ದ್ವೈತವನದಲ್ಲಿ ನೆಲಸಿದ್ದ ಪಾಂಡವರು ಒಂದು ಸಾಯಂಕಾಲ ಮಾತಿಗೆ ಕುಳಿತಾಗ, ದ್ರೌಪದಿಯು ಪ್ರಹ್ಲಾದನು ತನ್ನ ಮೊಮ್ಮಗನಾದ ಬಲಿಗೆ ಹೇಳಿದ ನೀತಿಯನ್ನೆತ್ತಿ, ಸದಾ ಕ್ಷಮಿಸುವವನನ್ನು ಸೇವಕರೂ ಲೆಕ್ಕಿಸರೆಂದೂ, ಸದಾ ಉಗ್ರನಾಗಿರುವವನನ್ನು ಸ್ವಜನರೇ ದ್ವೇಷಿಸುವರೆಂದೂ, ಕಾಲವರಿತು ನಡೆಯುವುದೇ ಲೇಸೆಂದೂ ವಾದಿಸುವಳು; ಧರ್ಮರಾಯನು ಕಾಶ್ಯಪನ ಗಾಥೆಗಳನ್ನು ಆಶ್ರಯಿಸಿ, ಲೋಕವು ನಿಂತಿರುವುದೇ ಕ್ಷಮೆಯ ಮೇಲೆಂದು ಉತ್ತರಿಸುವನು. ಇಬ್ಬರ ಮಾತಿಗೂ ಗೌರವವನ್ನು ಉಳಿಸಿ ಮುಂದೆ ಸಾಗುವ ಅವಕಾಶ ಕವಿಗುಂಟು. ಬೆಂಕಿಯಿಟ್ಟವನು, ವಿಷವಿಕ್ಕಿದವನು, ಆಯುಧ ಹಿಡಿದು ಮೇಲೆ ಬಿದ್ದವನು, ಧನವನ್ನೋ ಹೊಲವನ್ನೋ ಹೆಂಡತಿಯನ್ನೋ ಅಪಹರಿಸಿದವನು ಎಂದು ಆತತಾಯಿಗಳನ್ನು ಎಣಿಸುವ ಧರ್ಮಶಾಸ್ತ್ರಕ್ಕೆ ಆ ಅವಕಾಶವಿಲ್ಲ. ಅದು ತೀರ್ಪು ಹೇಳಲೇಬೇಕು.

ಆ ಶಾಸ್ತ್ರದಲ್ಲಿಯೂ ಮಾತು ಎರಡಾಗಿಯೇ ಇದೆ. ಕೊಲ್ಲಬಂದವನು ಗುರುವೇ ಆಗಲಿ, ಬಾಲನೇ ಆಗಲಿ, ವೃದ್ಧನೇ ಆಗಲಿ, ಬಹುಶ್ರುತನಾದ ಬ್ರಾಹ್ಮಣನೇ ಆಗಲಿ, ವಿಚಾರಿಸದೆ ಕೊಲ್ಲಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳಿದರೆ, ಬುದ್ಧಿಪೂರ್ವಕವಾದ ಬ್ರಹ್ಮಹತ್ಯೆಗೆ ನಿಷ್ಕೃತಿಯೇ ಇಲ್ಲವೆಂದು ಅದೇ ಗ್ರಂಥದ ಹನ್ನೊಂದನೆಯ ಅಧ್ಯಾಯವು ಹೇಳುವುದು. ಗೀತೆಯ ಮೊದಲ ಅಧ್ಯಾಯದ ಅರ್ಜುನನೂ ಎದುರಿನ ಬಂಧುಗಳನ್ನು ಆತತಾಯಿಗಳೆಂದು ಕರೆದು, ಆದರೂ ಅವರನ್ನು ಕೊಂದರೆ ಪಾಪವೇ ತನ್ನನ್ನು ಹೊಂದುವುದೆಂದು ಹಿಂಜರಿದನು.

ಈ ತೊಡಕನ್ನು ಬಿಡಿಸಲು ಕುಳಿತವನು ನಮ್ಮ ನಾಡಿನವನೇ ಆಗಿದ್ದನೆಂಬುದು ನಾವು ಹೆಚ್ಚಾಗಿ ನೆನೆಯಬೇಕಾದ ಸಂಗತಿ. ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಗುರುವನ್ನೂ ಕೊಲ್ಲಬಹುದೆಂಬ ಮಾತು ವಿಧಿಯಲ್ಲ, ಆತ್ಮರಕ್ಷಣೆಯ ವಿಧಿಗೆ ಬಲಕೊಡಲು ಬಂದ ಅರ್ಥವಾದವೆಂದು ಮೊದಲು ತೋರಿಸಿಕೊಟ್ಟನು. ಅನಂತರದ ಅವನ ನಿರ್ಣಯ ಇದು: ಬ್ರಾಹ್ಮಣರೇ ಮೊದಲಾದವರು ಆತತಾಯಿಗಳಾಗಿ ಬಂದಾಗ, ಕೊಲ್ಲುವ ಉದ್ದೇಶವಿಲ್ಲದೆ ತನ್ನನ್ನು ಕಾಪಾಡಿಕೊಳ್ಳಲೆಂದು ತಡೆಯುತ್ತಿರುವಾಗ, ಪ್ರಮಾದದಿಂದ ಅವರು ಸತ್ತರೆ, ತಡೆದವನಿಗೆ ರಾಜದಂಡವಿಲ್ಲ, ಲಘುವಾದ ಪ್ರಾಯಶ್ಚಿತ್ತ ಮಾತ್ರ ಉಂಟು.

ಈ ನಿರ್ಣಯದ ಮುಂದೆ ನಾನು ತಲೆಬಾಗುತ್ತೇನೆ. ಎತ್ತಿದ ಕೈಯನ್ನು ತಡೆಯುವುದು ಬೇರೆ, ಎತ್ತಿದವನ ಸಾವನ್ನು ಬಯಸುವುದು ಬೇರೆಯೆಂದು ಕಂಡ ಆ ಪಂಡಿತನು, ಪೆಟ್ಟು ಬೀಳುವ ಕ್ಷಣದ ಮನಸ್ಸಿನಲ್ಲಿಯೇ ಕ್ಷಮೆಗೆ ಎಡೆಮಾಡಿಕೊಟ್ಟನು. ಅರಸನು ನಿರಪರಾಧಿಯೆಂದು ಬಿಟ್ಟವನಿಗೂ ತನ್ನ ಕೈಯಿಂದ ಹೋದ ಪ್ರಾಣಕ್ಕಾಗಿ ಸಲ್ಲಿಸಬೇಕಾದ ಋಣವೊಂದನ್ನು ಉಳಿಸಿದನು. ಇಂಥ ಸೂಕ್ಷ್ಮವಾದ ಕರುಣೆಯು ಪೂಜ್ಯರೆನಿಸಿದವರ ಪ್ರಾಣಕ್ಕೆ ಮೀಸಲಾಗಿ, ಶೂದ್ರನ ಪ್ರಾಣದವರೆಗೆ ಇಳಿದು ಬಾರದೆ ಹೋದುದು ದುಃಖದ ವಿಷಯ.

1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳಲ್ಲಿ ವಿಜ್ಞಾನೇಶ್ವರನ ಹೆಸರು ಆಸ್ತಿಯ ವ್ಯಾಜ್ಯಗಳಿಗೆ ಅಂಟಿಕೊಂಡಿತು. ಆತ್ಮರಕ್ಷಣೆಯ ಹಕ್ಕನ್ನು 1860ರ ಭಾರತೀಯ ದಂಡಸಂಹಿತೆಯು 96ರಿಂದ 106ರವರೆಗಿನ ಕಲಮುಗಳಲ್ಲಿ ವಿಧಿಸಿತು. ದಂಡವಿಲ್ಲವೆಂಬ ಮಾತು ಅಲ್ಲಿಯೂ ಇತ್ತು, ಪ್ರಾಯಶ್ಚಿತ್ತದ ಮಾತಿಗೆ ಅಲ್ಲಿ ಎಡೆಯಿರಲಿಲ್ಲ.